777 ಬೇಡ, ಪ್ಯಾಕೇಜ್ ಕಟ್ಟಿದವರನ್ನು ಕೇಳಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ತಂತ್ರಜ್ಞಾನ ಪುಟದಲ್ಲಿ ಓದುಗರೊಬ್ಬರ ಪ್ರಶ್ನೆ ಇತ್ತು. ಲಿನಕ್ಸ್‌ನಲ್ಲಿ ಒಂದು ತಂತ್ರಾಂಶ ಹಾಕಿಕೊಂಡೆ, ತೆರೆಯಲು ಹೋದರೆ ‘ಪರ್ಮಿಶನ್ ಡಿನೈಡ್’ ಅಂತ ಬರುತ್ತದೆ, ಏನು ಮಾಡಲಿ ಎಂದು ಕೇಳಿದ್ದರು. ಅದಕ್ಕೆ ಬಂದ ಉತ್ತರ ಒಂದೇ ಸಾಲು. ಆ ಫೋಲ್ಡರಿಗೆ ಚ್‌ಮಾಡ್ 777 ಕೊಡಿ, ಸರಿಹೋಗುತ್ತದೆ.

ದಯವಿಟ್ಟು ಆ ಉತ್ತರವನ್ನು ತಿದ್ದಿ. ನಾನು 12 ವರ್ಷಗಳಿಂದ ಲಿನಕ್ಸ್ ಪ್ಯಾಕೇಜ್, ಅಂದರೆ ತಂತ್ರಾಂಶ ಹಾಕಿಕೊಳ್ಳಲು ಸಿಗುವ ಗಂಟು, ಕಟ್ಟುವ ಕೆಲಸ ಮಾಡುತ್ತಿದ್ದೇನೆ. ಆ ಒಂದು ಸಾಲಿನಿಂದ ಏನೇನಾಗುತ್ತದೆ ಎಂದು ಕಣ್ಣಾರೆ ಕಂಡಿದ್ದೇನೆ. ಇನ್ನೂ ಒಂದು ಮಾತು. ತಂತ್ರಾಂಶ ಹಾಕಿದ ಕೂಡಲೇ ಹೀಗೆ ಆಗಿದೆ ಅಂದರೆ, ಹೆಚ್ಚಿನ ಸಲ ತಪ್ಪು ಹಾಕಿಕೊಂಡವರದಲ್ಲ. ಪ್ಯಾಕೇಜ್ ಕಟ್ಟಿದವರದು, ಅಂದರೆ ನನ್ನಂಥವರದು.

ವಿಷಯ ಗೊತ್ತಿಲ್ಲದವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಚ್‌ಮಾಡ್ ಅಂದರೆ ಫೈಲಿನ ಅನುಮತಿ ಬದಲಿಸುವ ಕಮಾಂಡ್. ಲಿನಕ್ಸ್‌ನ ಪ್ರತಿ ಫೈಲಿಗೂ ಒಬ್ಬ ಒಡೆಯ, ಒಂದು ಗುಂಪು, ಆಮೇಲೆ ಉಳಿದವರೆಲ್ಲ ಎಂಬ ಮೂರು ಲೆಕ್ಕ. ಓದುವುದಕ್ಕೆ 4, ಬರೆಯುವುದಕ್ಕೆ 2, ನಡೆಸುವುದಕ್ಕೆ 1. ಕೂಡಿಸಿದರೆ ಒಬ್ಬೊಬ್ಬರಿಗೆ ಒಂದೊಂದು ಅಂಕಿ. 644 ಅಂದರೆ ಒಡೆಯ ಓದಬಹುದು, ಬರೆಯಬಹುದು, ಉಳಿದವರು ಓದಬಹುದು ಅಷ್ಟೇ. 755 ಅಂದರೆ ಎಲ್ಲರೂ ಓದಬಹುದು, ನಡೆಸಬಹುದು, ಬರೆಯುವುದು ಮಾತ್ರ ಒಡೆಯನೊಬ್ಬನೇ. 777 ಅಂದರೆ ಯಾರು ಬೇಕಾದರೂ ಏನು ಬೇಕಾದರೂ ಮಾಡಬಹುದು.

ಫೋಲ್ಡರಿನ ವಿಷಯದಲ್ಲಿ ಆ 1ಕ್ಕೆ ಬೇರೆಯೇ ಅರ್ಥ ಇದೆ. ಅಲ್ಲಿ ಅದು ಹಾದುಹೋಗುವ ಅನುಮತಿ. ಒಳಗಿನ ಫೈಲ್ 644 ಇದ್ದು, ಹೊರಗಿನ ಫೋಲ್ಡರ್ 700 ಆಗಿದ್ದರೆ ಬೇರೆಯವರಿಗೆ ಆ ಫೈಲ್ ಸಿಗುವುದಿಲ್ಲ. ಒಳಕೋಣೆಯ ಬಾಗಿಲು ತೆರೆದೇ ಇದೆ, ಬೀಗ ಇರುವುದು ತಲೆಬಾಗಿಲಿಗೆ. ಈ ಕಷ್ಟ ಬಂದವರು ಒಳಗಿನ ಫೈಲನ್ನೇ ತಿರುತಿರುಗಿ ನೋಡುತ್ತಾ ಇರುತ್ತಾರೆ, ಎರಡು ಮೆಟ್ಟಿಲು ಮೇಲಿನ ಫೋಲ್ಡರನ್ನು ನೋಡುವುದೇ ಇಲ್ಲ.

ಪ್ಯಾಕೇಜ್ ಅಂದರೆ ಫೈಲುಗಳ ಒಂದು ಗಂಟು. ಆ ಗಂಟಿನಲ್ಲಿ ಫೈಲುಗಳ ಜೊತೆಗೆ ಪ್ರತಿಯೊಂದರ ಒಡೆಯ ಯಾರು, ಅಂಕಿ ಎಷ್ಟು ಎನ್ನುವುದೂ ಬರೆದಿರುತ್ತದೆ. ಅದನ್ನು ಹಾಕುವುದು ರೂಟ್, ಅಂದರೆ ಯಾವ ತಡೆಯೂ ಇಲ್ಲದ ಬಳಕೆದಾರ. ಗಂಟಿನಲ್ಲಿ ಏನು ಬರೆದಿದೆಯೋ ಅದು ಹಾಗೇ ಜಾರಿಗೆ ಬರುತ್ತದೆ. ಈ ಫೈಲಿಗೆ ಈ ಅಂಕಿ ಆಗಬಹುದಾ ಅಂತ ಯಾರೂ ಕೇಳುವುದಿಲ್ಲ. ಅದಕ್ಕೇ ಕಟ್ಟುವವರ ಮೇಲೆ ಹೊಣೆ ಜಾಸ್ತಿ.

ನನ್ನ ಕೈಯಿಂದಲೇ ಆದ ಒಂದು ತಪ್ಪನ್ನು ಇಲ್ಲಿ ಪೂರ್ತಿ ಹೇಳುತ್ತೇನೆ. ಏಳು ವರ್ಷದ ಹಿಂದಿನ ಮಾತು. ನನ್ನ ಲ್ಯಾಪ್‌ಟಾಪಿನಲ್ಲಿ ಯುಮಾಸ್ಕ್ 077 ಎಂದು ಇಟ್ಟುಕೊಂಡಿದ್ದೆ. ಹೊಸ ಫೈಲ್ ಹುಟ್ಟುವಾಗ ಯಾವ ಅನುಮತಿಯನ್ನು ಕಿತ್ತುಹಾಕಬೇಕು ಎಂದು ಹೇಳುವ ಸಂಖ್ಯೆ ಅದು. ಸಾಮಾನ್ಯವಾಗಿ ಅದು 022 ಇರುತ್ತದೆ, ಆಗ ಫೈಲ್ 644, ಫೋಲ್ಡರ್ 755 ಆಗಿ ಹುಟ್ಟುತ್ತದೆ. ಕೆಲವು ಕಡೆ 002, ಆಗ 664 ಮತ್ತು 775. ನನ್ನ 077ರಲ್ಲಿ ಫೈಲ್ 600, ಫೋಲ್ಡರ್ 700. ನನ್ನ ಸ್ವಂತ ಕಾಗದಪತ್ರಗಳನ್ನು ಬೇರೆಯವರು ನೋಡಬಾರದು ಅಂತ ಹಾಗೆ ಇಟ್ಟಿದ್ದು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅದೇ ಲ್ಯಾಪ್‌ಟಾಪಿನಲ್ಲಿ ಊರಿಗೆಲ್ಲ ಕಳಿಸುವ ಪ್ಯಾಕೇಜನ್ನೂ ಕಟ್ಟಿದೆ.

ಬೇರೆ ದಿನವಾಗಿದ್ದರೆ, ಡೆಬಿಯನ್ ಎಂಬ ಲಿನಕ್ಸ್ ಬಗೆಗೆ ಪ್ಯಾಕೇಜ್ ಕಟ್ಟಲು ನೆರವಾಗುವ ಡೆಬ್‌ಹೆಲ್ಪರ್ ಬಳಸುತ್ತಿದ್ದೆ. ಅದರಲ್ಲಿ ಡಿಎಚ್_ಫಿಕ್ಸ್‌ಪರ್ಮ್ಸ್ ಎಂಬ ಹಂತ ಇದೆ, ದಾರಿ ತಪ್ಪಿದ ಅಂಕಿಗಳನ್ನು ಅದು ನೇರ ಮಾಡುತ್ತದೆ. ಅವತ್ತು ಅವಸರ. ಗಿರಾಕಿಗೆ ಸಂಜೆಯೊಳಗೆ ಬೇಕಿತ್ತು. ಫೋಲ್ಡರುಗಳನ್ನು ಕೈಯಲ್ಲೇ ಮಾಡಿ, ಫೈಲುಗಳನ್ನು ಅದರೊಳಗೆ ಹಾಕಿ, ರೂಟ್ ಅಲ್ಲದಿದ್ದರೂ ರೂಟ್ ಎಂದು ನಂಬಿಸುವ ಫೇಕ್‌ರೂಟ್ ಅಡಿಯಲ್ಲಿ, ಎಲ್ಲವನ್ನೂ ಡೆಬಿಯನ್ ಪ್ಯಾಕೇಜಾಗಿ (ಡೆಬ್) ಗಂಟು ಕಟ್ಟುವ ಡಿಪಿಕೆಜಿ-ಡೆಬ್ ಓಡಿಸಿದೆ. ಅದು ನಿಂತುಬಿಟ್ಟಿತು. ಪ್ಯಾಕೇಜಿನ ವಿವರ ಇರುವ ಕಂಟ್ರೋಲ್ ಫೋಲ್ಡರಿನ ಅನುಮತಿ 700 ಇದೆ, ಅದು 755ರಿಂದ 775ರ ಒಳಗೆ ಇರಬೇಕು ಎಂದು ಹೇಳಿತು. ನಾನು ಆ ಒಂದು ಫೋಲ್ಡರಿಗೆ 755 ಕೊಟ್ಟೆ. ಪ್ಯಾಕೇಜ್ ತಯಾರಾಯಿತು. ಆ ಫೋಲ್ಡರ್ 700 ಆಗಿದ್ದರೆ ಅದರ ಪಕ್ಕದವೂ 700 ಆಗಿರಬೇಕಲ್ವಾ ಎಂಬ ಯೋಚನೆ ನನಗೆ ಬರಲಿಲ್ಲ. ಈ ಉಪಕರಣ ತನಗೆ ಬೇಕಾದ ಕಂಟ್ರೋಲ್ ಫೋಲ್ಡರನ್ನು ಮಾತ್ರ ನೋಡುತ್ತದೆ, ನಮ್ಮ ಫೈಲುಗಳ ಅಂಕಿಯ ಉಸಾಬರಿಗೆ ಬರುವುದಿಲ್ಲ.

ಪರೀಕ್ಷೆಯನ್ನೂ ಮಾಡಿದೆ. ಒಂದು ಖಾಲಿ ಯಂತ್ರದಲ್ಲಿ ರೂಟ್ ಆಗಿ ಹಾಕಿದೆ, ರೂಟ್ ಆಗಿಯೇ ನಡೆಸಿ ನೋಡಿದೆ. ಚೆನ್ನಾಗಿ ನಡೆಯಿತು. ನಡೆಯದೆ ಏನು, ರೂಟಿಗೆ 700 ಅಡ್ಡ ಬರುವುದೇ ಇಲ್ಲ.

ರಾತ್ರಿ ಗಿರಾಕಿಯ ಕಡೆಯ ಸಿಸ್ಟಂ ನೋಡಿಕೊಳ್ಳುವವರು ಫೋನ್ ಮಾಡಿದರು. ‘ಮೇಡಂ, ನಾಲ್ಕು ಸರ್ವರಲ್ಲಿ ಹಾಕಿದೀವಿ, ಒಂದರಲ್ಲೂ ಸರ್ವಿಸ್ ಏಳ್ತಾ ಇಲ್ಲ’ ಅಂದರು. ಸರ್ವಿಸ್ ಅಂದರೆ ಹಿನ್ನೆಲೆಯಲ್ಲಿ ಸದಾ ನಡೆಯುತ್ತಿರುವ ಪ್ರೋಗ್ರಾಂ. ಅಲ್ಲಿ ಅದು ನಡೆಯುತ್ತಿದ್ದದ್ದು ತನ್ನದೇ ಆದ ಬೇರೆ ಬಳಕೆದಾರನ ಹೆಸರಿನಲ್ಲಿ. ಹಾಗೆಯೇ ನಡೆಯಬೇಕು ಕೂಡ. ಫೋಲ್ಡರಿನ ಸಾಲನ್ನು ಓದಿ ಹೇಳಿ ಅಂದೆ. ಅವರು ಒಂದೊಂದೇ ಅಕ್ಷರ ಓದಿದರು: ಡಿ, ಆರ್, ಡಬ್ಲ್ಯೂ, ಎಕ್ಸ್, ಆಮೇಲೆ ಆರು ಅಡ್ಡಗೆರೆ. ಆ ಆರು ಗೆರೆ ಕೇಳಿದ ತಕ್ಷಣ ನನಗೆ ಎಲ್ಲ ಹೊಳೆಯಿತು. ಡಿ ಅಂದರೆ ಫೋಲ್ಡರ್, ಮುಂದಿನ ಮೂರು ಅಕ್ಷರ ಒಡೆಯನ ಓದುವ, ಬರೆಯುವ, ಹಾದುಹೋಗುವ ಅನುಮತಿ. ಗುಂಪಿಗೂ ಏನೂ ಇಲ್ಲ, ಉಳಿದವರಿಗೂ ಏನೂ ಇಲ್ಲ.

ಬೆಳಗ್ಗೆಯೊಳಗೆ ಸರಿ ಮಾಡಿದ ಪ್ಯಾಕೇಜ್ ಕಳಿಸಿದೆ. ಪ್ರತಿ ಫೋಲ್ಡರಿಗೂ, ನಡೆಸುವ ಫೈಲುಗಳಿಗೂ 755, ಉಳಿದ ಫೈಲುಗಳಿಗೆ 644. ಮೂರು ಸರ್ವರಿನಲ್ಲಿ ಅದನ್ನು ಹಾಕಿದರು. ಆದರೂ ಸರ್ವಿಸ್ ಏಳಲಿಲ್ಲ! ನನ್ನ ಯಂತ್ರದಲ್ಲಿ ಹೊಸದಾಗಿ ಹಾಕಿದರೆ ನಡೆಯುತ್ತದೆ, ಅವರಲ್ಲಿ ಹಳೆಯದರ ಮೇಲೆ ಹಾಕಿದರೆ ಇಲ್ಲ. ಅರ್ಧ ದಿನ ಹುಡುಕಿದೆ. ಕಾರಣ ಡೆಬಿಯನ್ ನೀತಿಯಲ್ಲೇ, ಅಂದರೆ ಡೆಬಿಯನ್ ಪ್ಯಾಕೇಜುಗಳ ನಿಯಮದ ಕೈಪಿಡಿಯಲ್ಲೇ ಬರೆದಿತ್ತು. ಹಳೆಯ ಪ್ಯಾಕೇಜಿನ ಮೇಲೆ ಹೊಸ ಆವೃತ್ತಿ ಹಾಕಿದಾಗ, ಪ್ಯಾಕೇಜ್ ಹಾಕುವ ಉಪಕರಣವಾದ ಡಿಪಿಕೆಜಿ ಫೈಲುಗಳ ಅಂಕಿಯನ್ನು ಹೊಸದಕ್ಕೆ ಬದಲಿಸುತ್ತದೆ. ಆದರೆ ಈಗಾಗಲೇ ಇರುವ ಫೋಲ್ಡರುಗಳ ಅಂಕಿಯನ್ನು ಮುಟ್ಟುವುದಿಲ್ಲ. ಅದಕ್ಕೆ ಒಳ್ಳೆಯ ಕಾರಣವೂ ಇದೆ. ಹಲವಾರು ಪ್ಯಾಕೇಜುಗಳು ಒಂದೇ ಫೋಲ್ಡರನ್ನು ಹಂಚಿಕೊಂಡಿರುತ್ತವೆ. ಬಂದವರೆಲ್ಲ ಅದರ ಅಂಕಿ ಬದಲಿಸುತ್ತಾ ಹೋದರೆ ಯಾವುದೂ ಒಂದು ಕಡೆ ನಿಲ್ಲುವುದಿಲ್ಲ. ಅಂತೂ ನನ್ನ 700 ಅಲ್ಲೇ ಕೂತಿತ್ತು. ಕೊನೆಗೆ ಮೂರನೇ ಆವೃತ್ತಿ ಮಾಡಿ, ಹಾಕಿದ ಮೇಲೆ ನಡೆಯುವ ಸ್ಕ್ರಿಪ್ಟಿನಲ್ಲಿ (ಕಮಾಂಡುಗಳನ್ನು ಸಾಲಾಗಿ ಬರೆದ ಫೈಲಿನಲ್ಲಿ) ಆ ಫೋಲ್ಡರುಗಳನ್ನು ಹೆಸರು ಹಿಡಿದು 755 ಮಾಡಬೇಕಾಯಿತು. ಒಂದು ಸಲ ತಪ್ಪು ಅಂಕಿಯ ಫೋಲ್ಡರ್ ಹೊರಗೆ ಹೋದರೆ ಅದನ್ನು ವಾಪಸ್ ಕರೆಯುವುದು ಎಷ್ಟು ಕಷ್ಟ ನೋಡಿ.

ನಾಲ್ಕನೇ ಸರ್ವರಿನ ಕಥೆ ಬೇರೆ. ನಾನು ಈ ಪತ್ರ ಬರೆಯುತ್ತಿರುವುದು ಮುಖ್ಯವಾಗಿ ಅದಕ್ಕೇ. ಅಲ್ಲಿ ಅವರು ಮೊದಲ ರಾತ್ರಿಯೇ ಇಡೀ ಫೋಲ್ಡರಿಗೆ, ಒಳಗಿನದ್ದೆಲ್ಲ ಸೇರಿಸಿ, 777 ಕೊಟ್ಟಿದ್ದರು. ನಿಮ್ಮ ಪುಟದಲ್ಲಿ ಬಂದಂಥದೇ ಸಲಹೆಯನ್ನು ಅವರೂ ಎಲ್ಲೋ ಓದಿದ್ದರು. ಸರ್ವಿಸ್ ಎದ್ದಿತು. ನಡೀತಿದೆಯಲ್ಲ ಅಂತ ಹೊಸ ಆವೃತ್ತಿಗಳನ್ನು ಅದಕ್ಕೆ ಹಾಕಲೇ ಇಲ್ಲ. ಮೂರು ವಾರದ ಮೇಲೆ ಅದರ ಡಿಸ್ಕ್ ತುಂಬಿ ಯಂತ್ರ ನಿಂತುಹೋಯಿತು.

ಡಿಸ್ಕ್ ತುಂಬಿದ್ದು ಲಾಗ್ ಫೈಲಿನಿಂದ, ಅಂದರೆ ಪ್ರೋಗ್ರಾಂ ತಾನು ಮಾಡಿದ್ದನ್ನೆಲ್ಲ ಬರೆದಿಡುವ ಫೈಲಿನಿಂದ. ಹಳೆಯ ಲಾಗನ್ನು ಸುತ್ತಿಟ್ಟು ಹೊಸದು ಶುರು ಮಾಡಬೇಕಾದ ಲಾಗ್‌ರೊಟೇಟ್ ಮೂರು ವಾರದಿಂದ ಅದನ್ನು ಮುಟ್ಟಿರಲಿಲ್ಲ. ಲಾಗ್ ಇರುವ ಫೋಲ್ಡರಿನಲ್ಲಿ ಯಾರು ಬೇಕಾದರೂ ಬರೆಯಬಹುದು ಅಂತಾದರೆ ಅದು ಆ ಫೈಲನ್ನು ಬಿಟ್ಟು ಮುಂದೆ ಹೋಗುತ್ತದೆ. ಬೇಕೆಂದೇ ಹಾಗೆ ಮಾಡಿದ್ದಾರೆ, ರೂಟ್ ಆಗಿ ಅಂಥ ಜಾಗದಲ್ಲಿ ಕೈಯಾಡಿಸುವುದು ಅಪಾಯ. 777 ಕೊಟ್ಟರೆ ಎಲ್ಲ ಸಲೀಸಾಗುತ್ತದೆ ಎನ್ನುವವರು ಇದನ್ನು ಗಮನಿಸಬೇಕು. ಲಿನಕ್ಸ್‌ನ ಎಷ್ಟೋ ಭಾಗಗಳು ಅತಿಯಾದ ಅನುಮತಿ ಕಂಡರೆ ಕೆಲಸವನ್ನೇ ನಿಲ್ಲಿಸುತ್ತವೆ. ದೂರದ ಯಂತ್ರಕ್ಕೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್‌ನ ಖಾಸಗಿ ಕೀಲಿಯನ್ನು ಬೇರೆಯವರು ಓದಬಹುದಾದರೆ ಅದು ಆ ಕೀಲಿಯನ್ನು ಒಪ್ಪುವುದಿಲ್ಲ. ಸಾಮಾನ್ಯ ಬಳಕೆದಾರರಿಗೆ ರೂಟ್ ಅಧಿಕಾರದಲ್ಲಿ ಕಮಾಂಡ್ ನಡೆಸಲು ಬಿಡುವ ಸೂಡೋದ ನಿಯಮದ ಫೈಲಿನಲ್ಲಿ ಎಲ್ಲರೂ ಬರೆಯಬಹುದಾದರೆ ಸೂಡೋ ನಡೆಯುವುದಿಲ್ಲ.

ಆ ಫೋಲ್ಡರಿನಲ್ಲಿ ಇನ್ನೂ ಎರಡು ವಸ್ತು ಇದ್ದವು, ಅವನ್ನು ನೋಡಿ ನನ್ನ ಕೈ ನಡುಗಿತು. ಒಂದು, ಡೇಟಾಬೇಸಿನ ಪಾಸ್‌ವರ್ಡ್ ಬರೆದಿದ್ದ ಫೈಲ್. ಇನ್ನೊಂದು, ರಾತ್ರಿ ಎರಡು ಗಂಟೆಗೆ ಕ್ರಾನ್ (ಗೊತ್ತಾದ ಹೊತ್ತಿಗೆ ತಾನೇ ಕೆಲಸ ನಡೆಸುವ ವ್ಯವಸ್ಥೆ) ಮೂಲಕ ರೂಟ್ ನಡೆಸುತ್ತಿದ್ದ ಒಂದು ಚಿಕ್ಕ ಸ್ಕ್ರಿಪ್ಟ್. ಎರಡಕ್ಕೂ 777. ಆ ಯಂತ್ರಕ್ಕೆ ಲಾಗಿನ್ ಇದ್ದ ಯಾರೇ ಆಗಲಿ, ಆ ಸ್ಕ್ರಿಪ್ಟಿನ ಕೊನೆಗೆ ಒಂದು ಸಾಲು ಸೇರಿಸಿದ್ದರೆ ಸಾಕಿತ್ತು. ರಾತ್ರಿ ಎರಡು ಗಂಟೆಗೆ ಇಡೀ ಯಂತ್ರ ಅವರದಾಗುತ್ತಿತ್ತು. ಹಾಗೆ ಆಗಲಿಲ್ಲ. ಆ ಫೈಲನ್ನು ನಾವು ಸಾಲು ಸಾಲಾಗಿ ಮೂಲದ ಜೊತೆ ಹೋಲಿಸಿ ನೋಡಿದೆವು, ಪಾಸ್‌ವರ್ಡ್ ಬದಲಿಸಿದೆವು. 777 ಕೊಟ್ಟವರ ಮೇಲೆ ನನಗೆ ಆಗಲೂ ಸಿಟ್ಟು ಬರಲಿಲ್ಲ, ಈಗಲೂ ಇಲ್ಲ. ರಾತ್ರಿ ಹತ್ತಕ್ಕೆ ನನ್ನ ತಪ್ಪನ್ನು ಅವರು ಹೊತ್ತಿದ್ದರು.

ಇನ್ನು, ಕೊಟ್ಟ 777ನ್ನು ಹಿಂದಕ್ಕೆ ತೆಗೆಯುವುದು ಸುಲಭ ಅಂದುಕೊಳ್ಳಬೇಡಿ. ಡೆಬಿಯನ್ ಮಾದರಿಯಲ್ಲಿ ಪ್ಯಾಕೇಜನ್ನು ಇನ್ನೊಮ್ಮೆ ಹಾಕಿದರೆ ಫೈಲುಗಳು ಸರಿಯಾಗುತ್ತವೆ, ಫೋಲ್ಡರುಗಳು ಮೇಲೆ ಹೇಳಿದ ಕಾರಣಕ್ಕೇ 777 ಆಗಿ ಉಳಿಯುತ್ತವೆ. ಡಿಪಿಕೆಜಿಯ ತಪಾಸಣೆಯೂ ಫೈಲಿನ ಒಳಗಿನ ಅಕ್ಷರ ಬದಲಾಗಿದೆಯೇ ಎಂದು ನೋಡುತ್ತದೆಯೇ ಹೊರತು ಅಂಕಿ ಬದಲಾಗಿದ್ದನ್ನು ಹೇಳುವುದಿಲ್ಲ. ಬೇರೆ ಕೆಲವು ಲಿನಕ್ಸ್ ಬಗೆಗಳು ಬಳಸುವ ಪ್ಯಾಕೇಜ್ ಪದ್ಧತಿ ಆರ್‌ಪಿಎಂ ಇದರಲ್ಲಿ ವಾಸಿ. ಆರ್‌ಪಿಎಂ -ವಿ (ದೊಡ್ಡ ಅಕ್ಷರದ ವಿ) ಎಂದು ಕೊಟ್ಟರೆ, ಅಂಕಿ ಬದಲಾದ ಫೈಲಿನ ಮುಂದೆ ಎಂ ಎಂಬ ಅಕ್ಷರ ತೋರಿಸುತ್ತದೆ. ಸೆಟ್‌ಪರ್ಮ್ಸ್ ಎಂಬ ಆಯ್ಕೆ ಕೊಟ್ಟರೆ ಪ್ಯಾಕೇಜಿನಲ್ಲಿ ಬರೆದಿದ್ದ ಅಂಕಿಯನ್ನೇ ಮತ್ತೆ ಕೂರಿಸುತ್ತದೆ. ನಾವು ಆ ನಾಲ್ಕನೇ ಸರ್ವರಿನಲ್ಲಿ ಒಂದೊಂದು ಫೋಲ್ಡರನ್ನೂ ಕೈಯಾರೆ ತಿದ್ದಿದೆವು.

ಇದೇ 777ನ್ನು, ಯಂತ್ರದ ಹೆಚ್ಚಿನ ಪ್ರೋಗ್ರಾಂಗಳು ಇರುವ ಇಡೀ ಯುಎಸ್‌ಆರ್ ಫೋಲ್ಡರಿಗೆ ಕೊಟ್ಟವರ ಪಾಡು ಇನ್ನೂ ಕೆಟ್ಟದು. ಸೂಡೋದಂಥ ಕೆಲವು ಪ್ರೋಗ್ರಾಂಗಳ ಅಂಕಿ ನಾಲ್ಕು ಸ್ಥಾನದ್ದು, ಮುಂದೆ ಒಂದು 4 ಇರುತ್ತದೆ. ಯಾರೇ ನಡೆಸಿದರೂ ಒಡೆಯನ ಅಧಿಕಾರದಲ್ಲಿ ನಡೆಯಲಿ ಎನ್ನುವ ಸೆಟ್‌ಯುಐಡಿ ಗುರುತು ಅದು. ಲಿನಕ್ಸ್‌ಗೆ ಮಾದರಿಯಾದ ಯೂನಿಕ್ಸನ್ನು ಕಟ್ಟಿದವರಲ್ಲಿ ಒಬ್ಬರಾದ ಡೆನ್ನಿಸ್ ರಿಚಿಯವರ ಯೋಚನೆ, 1979ರಲ್ಲಿ ಅದಕ್ಕೆ ಅಮೆರಿಕದಲ್ಲಿ ಪೇಟೆಂಟ್ ಕೂಡ ಸಿಕ್ಕಿತ್ತು. 777 ಕೊಟ್ಟರೆ ಆ ಮುಂದಿನ 4 ಅಳಿಸಿಹೋಗುತ್ತದೆ. ಆಮೇಲೆ ಸೂಡೋ ನಡೆಯುವುದಿಲ್ಲ, ಸರಿಮಾಡಲು ಬೇಕಾದ ಅಧಿಕಾರವೇ ಕೈತಪ್ಪುತ್ತದೆ. ಆ 4ನ್ನು ಪ್ಯಾಕೇಜ್ ಕಟ್ಟುವವರು ಎಷ್ಟು ಯೋಚಿಸಿ ಇಡಬೇಕು ಎನ್ನುವುದಕ್ಕೆ 2022ರ ಜನವರಿ ನೆನಪಾಗುತ್ತದೆ. ಪಿಕೆಎಕ್ಸೆಕ್ ಎಂಬ ಸೆಟ್‌ಯುಐಡಿ ಪ್ರೋಗ್ರಾಮಿನಲ್ಲಿ 2009ರಿಂದಲೂ ಇದ್ದ ದೋಷವೊಂದು ಆಗ ಹೊರಬಂತು. ಸಾಮಾನ್ಯ ಬಳಕೆದಾರ ರೂಟ್ ಆಗಬಹುದಿತ್ತು. ಸರಿ ಮಾಡಿದ ಆವೃತ್ತಿ ಕೈಗೆ ಬರುವವರೆಗೆ ತಾತ್ಕಾಲಿಕ ಪರಿಹಾರ ಏನು ಗೊತ್ತಾ? ಆ ಫೈಲಿಗೆ 0755 ಕೊಡಿ, ಅಂದರೆ ಮುಂದಿನ 4 ತೆಗೆಯಿರಿ ಎಂದು. ಒಂದು ಅಂಕಿ ಅಷ್ಟು ಕೆಲಸ ಮಾಡುತ್ತದೆ.

ನನ್ನಂತೆ ಪ್ಯಾಕೇಜ್ ಕಟ್ಟುವವರು, ಈಗ ಕಲಿಯುತ್ತಿರುವವರು ನಿಮ್ಮ ಓದುಗರಲ್ಲಿ ಖಂಡಿತ ಇದ್ದಾರೆ. ಅವರಿಗೆ ನನ್ನ ಕೋರಿಕೆ ಇಷ್ಟು. ಅಂಕಿಯನ್ನು ನಿಮ್ಮ ಯಂತ್ರದ ಯುಮಾಸ್ಕಿಗೆ ಬಿಡಬೇಡಿ, ಕೈಯಾರೆ ಬರೆಯಿರಿ. ಫೈಲ್ ಇಡುವಾಗ ಸುಮ್ನೆ ಸಿಪಿ (ನಕಲು ಮಾಡುವ ಕಮಾಂಡ್) ಕೊಡುವ ಬದಲು ಇನ್‌ಸ್ಟಾಲ್ ಎಂಬ ಕಮಾಂಡ್ ಬಳಸಿ, -ಎಂ ಕೊಟ್ಟು 0644 ಎಂದು ಹೇಳಿ. ಯುಮಾಸ್ಕ್ ಏನೇ ಇರಲಿ, ಆ ಫೈಲ್ 644 ಆಗಿಯೇ ಕೂರುತ್ತದೆ. -ಎಂ ಮರೆತರೆ ಮಾತ್ರ ಅದು ಎಲ್ಲಕ್ಕೂ 755 ಕೊಡುತ್ತದೆ, ಬರೀ ಓದುವ ಫೈಲುಗಳಿಗೂ ನಡೆಸುವ ಗುರುತು ಬರುತ್ತದೆ. ಆರ್‌ಪಿಎಂ ಕಟ್ಟುವವರಿಗೆ ಸ್ಪೆಕ್ ಫೈಲಿನಲ್ಲಿ (ಪ್ಯಾಕೇಜ್ ಕಟ್ಟುವ ಕ್ರಮ ಬರೆದಿರುವ ಫೈಲ್) ಫೈಲ್ಸ್ ವಿಭಾಗ ಇದೆ, ವಿಶೇಷ ಫೈಲುಗಳ ಮುಂದೆ ಆಟ್ರ್ ಎಂದು ಬರೆದು ಅಂಕಿ, ಒಡೆಯ, ಗುಂಪು ಮೂರನ್ನೂ ಹೇಳಬಹುದು.

ಒಡೆಯನ ಹೆಸರಿನಲ್ಲೂ ಜೋಪಾನ. ಆರ್‌ಪಿಎಂ ಬಳಕೆದಾರನ ಹೆಸರನ್ನು ಇಟ್ಟುಕೊಂಡಿರುತ್ತದೆ. ಹಾಕುವ ಹೊತ್ತಿಗೆ ಆ ಹೆಸರಿನವನು ಯಂತ್ರದಲ್ಲಿ ಇಲ್ಲದಿದ್ದರೆ ಒಂದು ಎಚ್ಚರಿಕೆಯ ಸಾಲು ತೋರಿಸಿ ಫೈಲನ್ನು ರೂಟಿಗೆ ಕೊಟ್ಟುಬಿಡುತ್ತದೆ. ನೂರಾರು ಸಾಲು ಓಡುವಾಗ ಆ ಒಂದು ಸಾಲನ್ನು ಯಾರು ನೋಡುತ್ತಾರೆ? ಆದ್ದರಿಂದ ಬಳಕೆದಾರ ಮೊದಲೇ ಹುಟ್ಟಿರಬೇಕು. ಡೆಬ್ ಪ್ಯಾಕೇಜನ್ನು ಫೇಕ್‌ರೂಟ್ ಇಲ್ಲದೆ ಕೈಯಲ್ಲಿ ಕಟ್ಟಿದರೆ ಇದಕ್ಕೆ ತಿರುಗುಮುರುಗು. ಕಟ್ಟಿದವರ ಸ್ವಂತ ಬಳಕೆದಾರ ಸಂಖ್ಯೆ, ಸಾಮಾನ್ಯವಾಗಿ 1000, ಪ್ಯಾಕೇಜಿನೊಳಗೆ ಹೋಗಿಬಿಡುತ್ತದೆ. ಅದನ್ನು ಹಾಕಿದ ಯಂತ್ರದಲ್ಲಿ 1000 ಯಾರೋ ಅವರೇ ಆ ಫೈಲುಗಳ ಒಡೆಯರು. ಡಿಪಿಕೆಜಿ-ಡೆಬ್‌ಗೆ ರೂಟ್-ಓನರ್-ಗ್ರೂಪ್ ಎಂಬ ಆಯ್ಕೆ ಇರುವುದು ಇದಕ್ಕೇ.

ಪಾಸ್‌ವರ್ಡ್ ಇರುವ ಫೈಲಿನ ಬಗ್ಗೆ ಒಂದು ಮಾತು. ಅದನ್ನು 644 ಆಗಿ ಇಳಿಸಿ, ಆಮೇಲೆ ಸ್ಕ್ರಿಪ್ಟಿನಲ್ಲಿ 640 ಮಾಡುವವರಿದ್ದಾರೆ. ನಡುವಿನ ಆ ಕ್ಷಣದಲ್ಲಿ ಯಾರು ಬೇಕಾದರೂ ಓದಬಹುದು. ಸ್ಕ್ರಿಪ್ಟ್ ಮಧ್ಯದಲ್ಲಿ ನಿಂತರೆ ಆ ಕ್ಷಣ ಮುಗಿಯುವುದೇ ಇಲ್ಲ. ಬಿಗಿಯಾದ ಅಂಕಿ ಪ್ಯಾಕೇಜಿನೊಳಗೇ ಇರಲಿ, ಬೇಕಿದ್ದರೆ ಆಮೇಲೆ ಗುಂಪಿಗೆ ಸಡಿಲ ಮಾಡಿ.

ಕಳಿಸುವ ಮುಂಚೆ ನಾನು ಈಗ ತಪ್ಪದೆ ಮಾಡುವ ಕೆಲಸ ಒಂದಿದೆ. ಡಿಪಿಕೆಜಿ-ಡೆಬ್‌ಗೆ -ಸಿ ಕೊಟ್ಟು ಒಳಗಿನ ಪಟ್ಟಿ ತೆಗೆಯುತ್ತೇನೆ. ಎಡಗಡೆಯ ಹತ್ತು ಅಕ್ಷರಗಳ ಕಂಬವನ್ನು ಮೇಲಿನಿಂದ ಕೆಳಗೆ ಓದುತ್ತೇನೆ, ಬೆರಳಿಟ್ಟು. ಫೈಲಿನ ಹೆಸರು ನೋಡುವುದಿಲ್ಲ, ಆ ಕಂಬ ಮಾತ್ರ. ಬೇರೆ ಥರ ಕಾಣುವ ಸಾಲು ಬಂದಾಗಷ್ಟೇ ಬಲಕ್ಕೆ ತಿರುಗಿ, ಇದಕ್ಕೆ ಯಾಕೆ ಹೀಗೆ ಎಂದು ನನಗೆ ನಾನೇ ಉತ್ತರ ಹೇಳಿಕೊಳ್ಳಬೇಕು. ಪ್ಯಾಕೇಜಿನ ತಪ್ಪು ಹುಡುಕುವ ಲಿಂಟಿಯನ್, ಆರ್‌ಪಿಎಂಲಿಂಟ್‌ಗಳೂ ವಿಚಿತ್ರ ಅಂಕಿ ಕಂಡರೆ ಹೇಳುತ್ತವೆ, ಅವನ್ನೂ ಓಡಿಸುತ್ತೇನೆ. ಆಮೇಲೆ ಹೊಸ ಯಂತ್ರದಲ್ಲಿ ಯಾವ ಅಧಿಕಾರವೂ ಇಲ್ಲದ ಬಳಕೆದಾರನಾಗಿ ನಡೆಸಿ ನೋಡುತ್ತೇನೆ. ಯುಮಾಸ್ಕ್ 022ರಲ್ಲಿ ಒಮ್ಮೆ, 077ರಲ್ಲಿ ಒಮ್ಮೆ ಕಟ್ಟಿ, ಎರಡೂ ಪಟ್ಟಿ ಒಂದೇ ಇದೆಯೇ ಎಂದು ಹೋಲಿಸುತ್ತೇನೆ. ಬೇರೆ ಬಂದರೆ ನಾನು ಎಲ್ಲೋ ಒಂದು ಅಂಕಿ ಬರೆಯಲು ಮರೆತಿದ್ದೇನೆ ಅಂತ ಅರ್ಥ.

ಇನ್ನು ಪ್ರಶ್ನೆ ಕೇಳಿದ ನಿಮ್ಮ ಓದುಗರಿಗೆ. ನೇಮ್‌ಐ ಎಂಬ ಕಮಾಂಡಿಗೆ -ಎಲ್ ಸೇರಿಸಿ, ತೆರೆಯದ ಫೈಲಿನ ಪೂರ್ತಿ ದಾರಿ ಕೊಡಿ. ಎಲ್ಲಕ್ಕೂ ಮೇಲಿನ ಫೋಲ್ಡರಿನಿಂದ ಹಿಡಿದು ಆ ಫೈಲಿನವರೆಗೆ ಪ್ರತಿ ಫೋಲ್ಡರಿನ ಅಂಕಿ, ಒಡೆಯ, ಗುಂಪು ಸಾಲಾಗಿ ಕಾಣುತ್ತವೆ. ಎಲ್ಲಿ ಕೊನೆಯ ಮೂರು ಅಕ್ಷರ ಬರೀ ಅಡ್ಡಗೆರೆ ಆಗಿದೆಯೋ ಬೀಗ ಅಲ್ಲಿದೆ. ಆ ಬೀಗ ಬೇಕೆಂದೇ ಹಾಕಿದ್ದೂ ಇರಬಹುದು, ಹಾಗಾಗಿ ಒಡೆಯದೆ ಆ ಸಾಲುಗಳನ್ನು ಹಾಗೇ ನಕಲು ಮಾಡಿ ಪ್ಯಾಕೇಜ್ ಕಟ್ಟಿದವರಿಗೆ ಕಳಿಸಿ. ಅವರ ವಿಳಾಸ ಪ್ಯಾಕೇಜಿನ ವಿವರದಲ್ಲೇ ಇರುತ್ತದೆ. ಅಂಥ ನಾಲ್ಕು ಸಾಲಿನ ಪತ್ರ ನನಗೆ ಬಂದರೆ ನಾನು ಬೇರೆ ಕೆಲಸ ಬಿಟ್ಟು ಅದನ್ನು ನೋಡುತ್ತೇನೆ. ನೀವು 777 ಕೊಟ್ಟು ಸುಮ್ಮನಾದರೆ ನನಗೆ ನನ್ನ ತಪ್ಪು ಗೊತ್ತಾಗುವುದೇ ಇಲ್ಲ, ಅದೇ ಪ್ಯಾಕೇಜ್ ಇನ್ನೊಬ್ಬರ ಯಂತ್ರಕ್ಕೂ ಹೋಗುತ್ತದೆ.

ಸಂಪಾದಕರೇ, ಈ ಪತ್ರ ಉದ್ದವಾಯಿತು ಎಂದು ಗೊತ್ತು. ಪೂರ್ತಿ ಹಾಕಲು ಜಾಗ ಇಲ್ಲದಿದ್ದರೆ, ಹಿಂದಿನ ವಾರ ಆ ಉತ್ತರ ಬಂದಿದ್ದ ಜಾಗದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ಇಷ್ಟನ್ನು ಹಾಕಿ: ‘ಚ್‌ಮಾಡ್ 777 ಕೊಡಬೇಡಿ. ಈಗಾಗಲೇ ಕೊಟ್ಟಿದ್ದರೆ ಪ್ಯಾಕೇಜನ್ನು ಮತ್ತೆ ಹಾಕಿ, ಫೋಲ್ಡರುಗಳನ್ನು ಒಂದೊಂದಾಗಿ ನೋಡಿ, ಅದರಲ್ಲಿ ಪಾಸ್‌ವರ್ಡ್ ಇದ್ದರೆ ಇವತ್ತೇ ಬದಲಿಸಿ.’

ಇಂತಿ,
ನಿಮ್ಮ ಹಳೆಯ ಓದುಗರಲ್ಲೊಬ್ಬಳು